ಕಾಫಿ, ಕಾಚಂಪುಳಿ, ಕಿತ್ತಳೆ: ಸಿಗರೇಟು ಬಿಟ್ಟ ನನ್ನ ಅನುಭವ

ಈ ಕೊಯ್ಲಿನ ಸೀಸನ್ನಿನಲ್ಲೇ ನಾಲ್ಕು ಜನ ಕೇಳಿದರು: "ಅಣ್ಣ, ಸಿಗರೇಟು ಬಿಡಬೇಕು. ಮೊದಲ ಸಲಕ್ಕೆ ಯಾವ ಇ-ಸಿಗರೇಟು ತಗೊಳ್ಳಲಿ?" ಆ ದಾರಿಯಲ್ಲಿ ಹೋಗಿ, ದುಡ್ಡು ಕಳೆದುಕೊಂಡು ವಾಪಸ್ ಬಂದವನು ನಾನು. ಕೊನೆಗೆ ನನ್ನನ್ನು ಬಿಡಿಸಿದ್ದು ಮೆಡಿಕಲ್ ಶಾಪಿನ ನಿಕೋಟಿನ್ ಗಮ್, ಅಂದರೆ ತಂಬಾಕಿನ ಚಟ ಹಿಡಿಸುವ ನಿಕೋಟಿನ್ ಅಳತೆಯಲ್ಲಿ ಹಾಕಿದ ಅಗಿಯುವ ಗಮ್. "ಅದು ಯಾರಿಗೂ ಕೆಲಸ ಮಾಡೋದಿಲ್ಲ ಮಾರಾಯ, ಬಾಯಿ ಉರಿಯೋದು ಒಂದೇ" ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನಗೂ ಎರಡು ಸಲ ಕೆಲಸ ಮಾಡಲಿಲ್ಲ. ಮೂರನೇ ಸಲ ಮಾಡಿತು. ಯಾಕೆ ಅಂತ ಗೊತ್ತಾದ ಮೇಲೆ ಬರೆಯದೆ ಇರೋದು ಸರಿಯಲ್ಲ ಅನ್ನಿಸಿತು.

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಒಂಬತ್ತು ಎಕರೆ ರೋಬಸ್ಟಾ ಕಾಫಿ. ಸೇದಲು ಶುರು ಮಾಡಿದ್ದು ಕಾಲೇಜಿನಲ್ಲಿ, ಬಿಡುವ ಹೊತ್ತಿಗೆ 22 ವರ್ಷ ಆಗಿತ್ತು. ದಿನಕ್ಕೆ 15-16. ಕೊಯ್ಲಿನಲ್ಲಿ ಇನ್ನೂ ಜಾಸ್ತಿ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಒಂದು, ಬೆಲ್ಲದ ಕಾಫಿ ಜೊತೆ ಇನ್ನೊಂದು. ಆಗ ಒಂದಕ್ಕೆ 17 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಎಂಟು ಸಾವಿರದ ಹತ್ತಿರ, ವರ್ಷಕ್ಕೆ 95,000 ಸುಮಾರು. ತೋಟದ ಗೊಬ್ಬರಕ್ಕೆ ಅಷ್ಟು ಖರ್ಚು ಮಾಡಲು ಎರಡು ಸಲ ಯೋಚನೆ ಮಾಡುವವನು ಇದಕ್ಕೆ ಯಾವತ್ತೂ ಲೆಕ್ಕ ಇಟ್ಟಿರಲಿಲ್ಲ. ಲೆಕ್ಕ ಬರೆದು ನೋಡಿದ್ದು ಕಾಳುಮೆಣಸಿಗೆ ಬೆಲೆ ಬಿದ್ದ ವರ್ಷ.

ಮೊದಲು ಇ-ಸಿಗರೇಟಿನ ಕಥೆ ಮುಗಿಸಿಬಿಡುತ್ತೇನೆ. ದುಬೈಯಲ್ಲಿರುವ ಅಕ್ಕನ ಮಗ 2022ರಲ್ಲಿ ರಜೆಗೆ ಬರುವಾಗ ಒಂದು ತಂದುಕೊಟ್ಟ. ಕೈಯಲ್ಲಿ ಹಿಡಿದರೆ ಅರ್ಧ ಇಟ್ಟಿಗೆಯ ತೂಕ. ದೊಡ್ಡ ಹೊಗೆ ಬಿಡುವವರಿಗೆ ಮಾಡಿದ್ದು ಅದು, ಎಳೆದ ಕೂಡಲೇ ನೇರ ಎದೆಗೆ ಹೋಗುತ್ತದೆ. ನಮ್ಮಂಥ ಸಿಗರೇಟಿನವರು ಹೊಗೆಯನ್ನು ಮೊದಲು ಬಾಯಿಗೆ ಎಳೆದು ಆಮೇಲೆ ಒಳಗೆ ತಗೊಳ್ಳುವವರು. ಎರಡು ದಮ್ಮು ಎಳೆದು ಹತ್ತು ನಿಮಿಷ ಕೆಮ್ಮಿದೆ. ಇದು ಬೇಡ, ಚಿಕ್ಕದು ಕಳಿಸು ಅಂದೆ. ಚಿಕ್ಕದು ಬಂತು, ಪೆನ್ ಡ್ರೈವ್ ಥರದ್ದು. ದ್ರವ ಹಾಕಿದ ಮೇಲೆ ಒಳಗಿನ ಹತ್ತಿ ನೆನೆಯಲು ಐದು ಹತ್ತು ನಿಮಿಷ ಬಿಡಬೇಕು. ನಾನು ಬಿಡಲಿಲ್ಲ, ಹತ್ತಿ ಸುಟ್ಟು ಬಾಯಿಯೆಲ್ಲ ಕರಟಿದ ರುಚಿ. ಹೊಸ ಕಾಯಿಲ್ (ದ್ರವ ಕಾಯಿಸುವ ತಂತಿ) ಹಾಕಿದೆ. ಅಂಗಿ ಜೇಬಿನಲ್ಲಿ ಸೋರಿತು. ಅಷ್ಟರಲ್ಲಿ ಜುಲೈ ಬಂತು. ನಮ್ಮ ಕಡೆ ಜುಲೈ ಅಂದರೆ ಗೊತ್ತಲ್ಲ, ಮರ ಬಿದ್ದು ಕರೆಂಟು ಹೋದರೆ ನಾಲ್ಕು ದಿನ ಇಲ್ಲ. ಫೋನಿಗೇ ಚಾರ್ಜ್ ಇಲ್ಲದ ಮೇಲೆ ಇದಕ್ಕೆ ಎಲ್ಲಿಂದ? ಸಂಜೆ ಅಂಗಡಿಗೆ ಹೋಗಿ ಪ್ಯಾಕ್ ತಂದೆ. ಆ ಮೇಲೆ ಕರೆಂಟು ಇದ್ದಾಗ ಅದು, ಇಲ್ಲದಾಗ ಇದು. ಒಟ್ಟು ನಿಕೋಟಿನ್ ಮೊದಲಿಗಿಂತ ಜಾಸ್ತಿಯೇ ಆಯಿತು.

ಇನ್ನೊಂದು ಸಲ ಮೈಸೂರಿನಲ್ಲಿ ಯಾರೋ ಕದ್ದು ಮಾರುತ್ತಿದ್ದವನಿಂದ ಮುಗಿದ ಮೇಲೆ ಎಸೆಯುವಂಥ ಇ-ಸಿಗರೇಟು ಒಂದನ್ನು 2,400 ಕೊಟ್ಟು ತಂದೆ. ಡಬ್ಬಿ ಮೇಲೆ ನಿಕೋಟಿನ್ ಎಷ್ಟು ಅಂತ ಇರಲಿಲ್ಲ, ತಯಾರಿಸಿದವರ ವಿಳಾಸವೂ ಇರಲಿಲ್ಲ. ಎರಡನೇ ದಿನ ತಲೆ ಸುತ್ತಿ ವಾಂತಿ. ಅದನ್ನು ನಮ್ಮ ವಕೀಲ ಸ್ನೇಹಿತನಿಗೆ ಹೇಳಿದಾಗ ಅವನು ಬೈದ. ಇ-ಸಿಗರೇಟಿಗೆ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂದಿತ್ತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಆಯಿತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲ ಅಪರಾಧ. ದಾಸ್ತಾನು ಬಿಟ್ಟು ಉಳಿದವಕ್ಕೆ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಅಕ್ಕನ ಮಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದರೆ ಅವನ ಕೆಲಸದ ಗತಿ ಏನಾಗುತ್ತಿತ್ತು ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಅವನಿಗೆ ಫೋನ್ ಮಾಡಿ ಇನ್ನು ಯಾವತ್ತೂ ತರಬೇಡ ಅಂದೆ. ಹಾಗಾಗಿ ಯಾವುದು ತಗೊಳ್ಳಲಿ ಅಂತ ಕೇಳಿದವರಿಗೆ ನನ್ನ ಉತ್ತರ ಒಂದೇ: ಯಾವುದೂ ಬೇಡ.

ನಡುವೆ ತುಳಸಿ, ಲವಂಗ ಹಾಕಿದ ಗಿಡಮೂಲಿಕೆ ಸಿಗರೇಟು ಅಂತ ಬರುತ್ತಲ್ಲ, ಅದನ್ನೂ ನೋಡಿದೆ. ಎಲೆ ಯಾವುದಾದರೂ ಸುಟ್ಟರೆ ಟಾರು, ಇಂಗಾಲದ ಮಾನಾಕ್ಸೈಡು ಬಂದೇ ಬರುತ್ತದೆ. ನಿಕೋಟಿನ್ ಮಾತ್ರ ಇಲ್ಲ. ಬೇಕಾದದ್ದು ಸಿಗದೆ ಬೇಡದ್ದೆಲ್ಲ ಸಿಕ್ಕಿತು. ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿ ಒಂದು ವಾರ. ಮಳೆಗಾಲದಲ್ಲಿ ರೇನ್‌ಕೋಟಿನ ಒಳಗೆ ಬೆವರಿ ಮಧ್ಯಾಹ್ನದ ಹೊತ್ತಿಗೆ ಕಿತ್ತು ಬರುತ್ತಿತ್ತು. ಇವೆಲ್ಲ ಸೇರಿ ನೀರಲ್ಲಿ ಹೋಮವಾದದ್ದು ಇಪ್ಪತ್ತು ಸಾವಿರದ ಹತ್ತಿರ.

ಈಗ ಗಮ್ಮಿಗೆ ಬರುತ್ತೇನೆ. ಮೊದಲ ಎರಡು ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಬಬಲ್ ಗಮ್ಮಿನ ಹಾಗೆ ಜಗಿದೆ. ರಸ ನುಂಗಿದೆ. ಬಿಕ್ಕಳಿಕೆ, ಎದೆಯುರಿ. ಸಿಟ್ಟಿನಲ್ಲಿ ಉಗಿದು ಸಿಗರೇಟು ಹಚ್ಚಿದೆ. ನಿಕೋಟಿನ್ ಕೆಲಸ ಮಾಡಬೇಕಾದರೆ ಕೆನ್ನೆಯ ಒಳಚರ್ಮದಿಂದ ರಕ್ತಕ್ಕೆ ಇಳಿಯಬೇಕು, ಹೊಟ್ಟೆಗೆ ಹೋದರೆ ಬರೀ ಉರಿ. ನಾಲ್ಕೈದು ಸಲ ನಿಧಾನ ಅಗಿಯಿರಿ, ಕಾಳುಮೆಣಸು ಕಚ್ಚಿದ ಹಾಗೆ ಚುರುಕು ಬಂದ ಕೂಡಲೇ ಕೆನ್ನೆಗೂ ಒಸಡಿಗೂ ಮಧ್ಯೆ ಇಟ್ಟು ಸುಮ್ಮನಿರಿ. ಚುರುಕು ಹೋದ ಮೇಲೆ ಮತ್ತೆ ಎರಡು ಅಗಿತ, ಈ ಸಲ ಇನ್ನೊಂದು ಕೆನ್ನೆಗೆ. ಅರ್ಧ ಗಂಟೆ ಹೀಗೆ. ಇಷ್ಟು ತುಂಬಾ ಜನಕ್ಕೆ ಗೊತ್ತಿದೆ.

ನಮ್ಮ ಜಿಲ್ಲೆಯಲ್ಲಿ ಗಮ್ ಸೋಲುವುದಕ್ಕೆ ಬೇರೆ ಕಾರಣ ಇದೆ, ಅದನ್ನು ಮಾತ್ರ ಯಾರೂ ಹೇಳೋದಿಲ್ಲ.

2023ರ ಸೆಪ್ಟೆಂಬರಿನಲ್ಲಿ, ಕೈಲ್ ಮುಹೂರ್ತದ (ಕೊಡವರ ಆಯುಧ ಪೂಜೆಯ ಹಬ್ಬ) ಮಾರನೇ ದಿನ ಮೂರನೇ ಪ್ರಯತ್ನ ಶುರು ಮಾಡಿದೆ. ಹಿಂದಿನ ರಾತ್ರಿ ಸ್ನೇಹಿತರ ಮನೆಯಲ್ಲಿ ಕಡಂಬುಟ್ಟು (ಅಕ್ಕಿಯ ಉಂಡೆ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು). ಉಳಿದ ಕರಿ ಮನೆಗೂ ಬಂದಿತ್ತು. ಬೆಳಿಗ್ಗೆ ಅದನ್ನೇ ತಿಂದು ಕಾಫಿ ಕುಡಿದು ಗಮ್ ಬಾಯಿಗೆ ಹಾಕಿದೆ. ಏನೂ ಇಲ್ಲ. ಚುರುಕೂ ಸರಿಯಾಗಿ ಬರಲಿಲ್ಲ, ಚಪಲವೂ ಇಳಿಯಲಿಲ್ಲ. ಇನ್ನೊಂದು ಹಾಕಿದೆ, ಅದೂ ಇಲ್ಲ. ಇದು ಮೂರನೇ ಸೋಲು ಅಂತ ಜೀಪಿನ ಕೀ ತಗೊಂಡು ಅಂಗಡಿಗೆ ಹೊರಟವನನ್ನು ಮಗಳು ನಿಲ್ಲಿಸಿದಳು. ಪ್ಯಾಕಿನೊಳಗೆ ಎಂಟು ಮಡಿಕೆ ಮಾಡಿಟ್ಟ ತೆಳು ಕಾಗದ ಇರುತ್ತದಲ್ಲ, ಇರುವೆಯಂಥ ಅಕ್ಷರದ್ದು. ಊಟದ ಮೇಜಿನ ಮೇಲೆ ಬಿಡಿಸಿ, ಬೆರಳಿಟ್ಟು ಓದಿದಳು. "ಅಪ್ಪ, ಇಲ್ಲಿ ನೋಡಿ. ಗಮ್ ಹಾಕುವ 15 ನಿಮಿಷ ಮುಂಚಿನಿಂದ ಕಾಫಿ, ಹುಳಿ ಹಣ್ಣಿನ ರಸ ಏನೂ ಬೇಡ ಅಂತ ಇದೆ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗೋದಿಲ್ಲವಂತೆ."

ಆ ಮೇಜಿನ ಮೇಲೆ ಏನೇನಿತ್ತು ಅಂತ ಈಗಲೂ ನೆನಪಿದೆ. ಕಾಫಿ ಲೋಟ. ಕಾಚಂಪುಳಿ (ನಮ್ಮ ಕಡೆಯ ಕಪ್ಪು ಗಟ್ಟಿ ಹುಳಿರಸ) ಹಾಕಿ ಕಪ್ಪಗಾದ ಕರಿಯ ಪಾತ್ರೆ. ತಟ್ಟೆಯಲ್ಲಿ ಎರಡು ಕಿತ್ತಳೆ. ಮೂರೂ ಹುಳಿ. ನಮ್ಮ ಮನೆಗಳಲ್ಲಿ ಬಾಯಿ ಹುಳಿಯಿಲ್ಲದೆ ಇರುವ ಹೊತ್ತೇ ಕಡಿಮೆ! ಹೋದ ಎರಡು ಸಲವೂ ನಾನು ಕಾಫಿ ಲೋಟ ಕೆಳಗಿಟ್ಟ ಕೂಡಲೇ ಗಮ್ ಹಾಕುತ್ತಿದ್ದೆ, ಯಾಕಂದರೆ ಸಿಗರೇಟು ಬೇಕು ಅನ್ನಿಸುತ್ತಿದ್ದದ್ದು ಆಗಲೇ.

ಅವತ್ತೇ ಕ್ರಮ ಬದಲಿಸಿದೆ. ಎದ್ದ ಕೂಡಲೇ ನೀರಿನಲ್ಲಿ ಬಾಯಿ ಮುಕ್ಕಳಿಸಿ ಗಮ್, ಅರ್ಧ ಗಂಟೆ ಕಳೆದ ಮೇಲೆ ಕಾಫಿ. ಊಟಕ್ಕೆ ಮೊದಲು ಗಮ್, ಊಟ ಆದ ಮೇಲೆ ಬಾಯಿ ತೊಳೆದು ಕಾಲು ಗಂಟೆ ಕಾದು ಮತ್ತೊಂದು. ಆ ಕಾಲು ಗಂಟೆಯೇ ಕಷ್ಟ. ಅದಕ್ಕೆ ನಾನು ಬಾಯಿಯಲ್ಲಿ ಇಟ್ಟುಕೊಳ್ಳುತ್ತಿದ್ದ ಒಂದು ಪುಡಿ ಇದೆ. ಏಲಕ್ಕಿ ಅದರಲ್ಲಿದೆ, ತಂಬಾಕು ಅಡಿಕೆ ಯಾವುದೂ ಇಲ್ಲ. ಉಳಿದದ್ದು ನಮ್ಮ ಅತ್ತೆಯ ಕೈಯದು, ಅದನ್ನು ಬರೆಯೋದಿಲ್ಲ.

ಎರಡನೇ ಬದಲಾವಣೆ ಗಡಿಯಾರ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ತಲೆಗೆ ಹೋಗುತ್ತದೆ, ಗಮ್ಮಿನದು ಏರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಚಪಲ ಬಂದ ಮೇಲೆ ಗಮ್ ಹುಡುಕಿದರೆ ಅಷ್ಟರೊಳಗೆ ಕೈ ಅಂಗಡಿಗೆ ಹೋಗಿರುತ್ತದೆ. ಹಾಗಾಗಿ ಬೇಕೋ ಬೇಡವೋ ಗಂಟೆ ಗಂಟೆಗೆ ಒಂದು. ಫೋನಿನಲ್ಲಿ ಅಲಾರಂ ಇಟ್ಟಿದ್ದೆ. ಕೆಲಸದವರೆಲ್ಲ "ಅಣ್ಣನ ಮಾತ್ರೆ ಹೊತ್ತು" ಅನ್ನುತ್ತಿದ್ದರು. ದಿನಕ್ಕೆ ಹನ್ನೆರಡರಂತೆ ಆರು ವಾರ. ಆಮೇಲೆ ಏಳಕ್ಕೆ, ನಾಲ್ಕಕ್ಕೆ. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರಿಗೆ 2 ಮಿಲಿಗ್ರಾಂ ಸಾಲೋದಿಲ್ಲ, 4 ಬೇಕು. ಅದಕ್ಕೆ ಡಾಕ್ಟರ ಚೀಟಿ ಬೇಕು. ನಾನು ಮಡಿಕೇರಿಗೆ ಹೋಗಿ ಬರೆಸಿಕೊಂಡು ಬಂದೆ, ಮೊದಲ ಕೆಲವು ವಾರ 4, ನಂತರ 2. ಬಿಪಿ, ಹೃದಯದ ತೊಂದರೆ ಇರುವವರು ಹೇಗೂ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಸುಮಾರು 830 ಗಮ್ ಆಗಿರಬಹುದು, ಒಟ್ಟು ಖರ್ಚು ಹತ್ತು ಸಾವಿರದ ಆಸುಪಾಸು. ಸಿಗರೇಟಿನ ಒಂದೂಕಾಲು ತಿಂಗಳ ದುಡ್ಡು.

ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ತಂಬಾಕು ಬಿಡುವವರಿಗೆ ಸಹಾಯ ಮಾಡುವ ನಂಬರ್ ಇರುತ್ತದೆ. ವರ್ಷಗಟ್ಟಲೆ ನೋಡಿದ್ದೆ, ಮಾಡಿರಲಿಲ್ಲ. ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಮತ್ತೆ ಅವರಾಗಿಯೇ ಫೋನ್ ಮಾಡಿ ವಿಚಾರಿಸಿದರು. ನಾಚಿಕೆ ಬಿಟ್ಟು ಮಾಡಿ.

ಎರಡನೇ ವಾರ ಒಂದು ವಿಚಿತ್ರ ಶುರುವಾಯಿತು. ಕೈ ನಡುಕ, ಎದೆ ಡವಡವ, ರಾತ್ರಿ ಒಂದೂವರೆಯಾದರೂ ನಿದ್ದೆ ಇಲ್ಲ. ಸಿಗರೇಟು ಬಿಟ್ಟದ್ದಕ್ಕೇ ಹೀಗೆ, ಒಂದು ಸೇದು ಸರಿಯಾಗುತ್ತದೆ ಅಂತ ಬಾವ ಹೇಳಿದ. ಮಡಿಕೇರಿ ಡಾಕ್ಟರು ಬೇರೆ ಪ್ರಶ್ನೆ ಕೇಳಿದರು: ದಿನಕ್ಕೆ ಎಷ್ಟು ಕಾಫಿ? ಆರು, ಅಂದೆ. ಅವರು ಹೇಳಿದ್ದು ಇದು: ತಂಬಾಕಿನ ಹೊಗೆ ಲಿವರಿನಲ್ಲಿ ಕೆಫೀನನ್ನು ಬೇಗ ಕರಗಿಸುವ ಕೆಲಸ ಹೆಚ್ಚಿಸುತ್ತದೆ. ಹೊಗೆ ನಿಂತ ಕೆಲವೇ ದಿನಕ್ಕೆ ಆ ವೇಗ ಇಳಿಯುತ್ತದೆ. ಕುಡಿಯುವುದು ಅಷ್ಟೇ ಕಾಫಿ, ರಕ್ತದಲ್ಲಿ ನಿಲ್ಲುವ ಕೆಫೀನು ಹೆಚ್ಚುಕಡಿಮೆ ಎರಡು ಪಟ್ಟು. ಇದು ಹೊಗೆಯ ಕೆಲಸ, ನಿಕೋಟಿನ್ನಿನದಲ್ಲ, ಹಾಗಾಗಿ ಗಮ್ ಹಾಕಿದರೂ ತಪ್ಪೋದಿಲ್ಲ. ಕಾಫಿ ಬೆಳೆದು, ಕಾಫಿಯಲ್ಲೇ ಬದುಕುವ ನಮ್ಮಲ್ಲಿ ಎಷ್ಟು ಜನ ಈ ನಡುಕವನ್ನು ಸಿಗರೇಟಿನ ಹಸಿವು ಅಂತ ತಿಳಿದು ಮತ್ತೆ ಹಚ್ಚಿದ್ದಾರೋ.

ಅಲ್ಲಿಂದ ನನ್ನ ಪ್ರಯೋಗ ಶುರು. ಆರನ್ನು ಮೂರಕ್ಕೆ ಇಳಿಸಿದೆ, ನಡುಕ ನಾಲ್ಕು ದಿನದಲ್ಲಿ ಹೋಯಿತು. ಆದರೆ ಮೂರು ಲೋಟದಲ್ಲಿ ದಿನ ಕಳೆಯೋದಿಲ್ಲ. ರೋಬಸ್ಟಾದಲ್ಲಿ ಇನ್ನೊಂದು ಕಾಫಿ ಜಾತಿಯಾದ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನು. ಸೋಮವಾರಪೇಟೆ ಕಡೆಯ ನಂಟರಿಂದ ಹತ್ತು ಕೆಜಿ ಅರೇಬಿಕಾ ತರಿಸಿದೆ, ಹುರಿದು ಪುಡಿ ಮಾಡಿಸಿ ಚಿಕೋರಿ (ಕೆಫೀನು ಇಲ್ಲದ ಬೇರಿನ ಪುಡಿ) ಸ್ವಲ್ಪ ಜಾಸ್ತಿ ಹಾಕಿದೆ. ಐದು ಲೋಟ ಕುಡಿದರೂ ನಿದ್ದೆ ಬಂತು. ರೋಬಸ್ಟಾ ಬೆಳೆಯುವವನು ಮನೆಗೆ ಅರೇಬಿಕಾ ತರುತ್ತಾನೆ ಅಂತ ಅಮ್ಮನಿಗೆ ಈಗಲೂ ಬೇಸರ. ಮನೆಯಲ್ಲಿ ಇನ್ನೂ ಅದೇ ಕಾಫಿ ನಡೆಯುತ್ತಿದೆ. ಯಾವ ಅಳತೆ ಅಂತ ಕೇಳುವವರು ಮನೆಗೆ ಬಂದು ಕುಡಿದು ನೋಡಲಿ.

ಮಳೆಗಾಲದಲ್ಲಿ ಸೇದಲು ಇನ್ನೊಂದು ನೆಪ ಇತ್ತು: ಇಂಬಳ, ಅಂದರೆ ಜಿಗಣೆ. ಕಾಲಿಗೆ ಹತ್ತಿದ ಇಂಬಳಕ್ಕೆ ಸಿಗರೇಟಿನ ಕೆಂಡ ಮುಟ್ಟಿಸುವುದು ನಮ್ಮ ಎಲ್ಲರ ಅಭ್ಯಾಸ. ಜೇಬಿನಲ್ಲಿ ಚಿಕ್ಕ ಡಬ್ಬಿಯಲ್ಲಿ ಉಪ್ಪು ಇಟ್ಟುಕೊಂಡೆ, ಆ ನೆಪವೂ ಹೋಯಿತು.

ನಿಜವಾದ ಪರೀಕ್ಷೆ 2024ರ ಮಾರ್ಚಿನಲ್ಲಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರಲಿಲ್ಲ, ಸ್ಪ್ರಿಂಕ್ಲರ್ ಹಾಕಲೇಬೇಕಾಯಿತು. ಕೆರೆ ಬದಿಯಲ್ಲಿ ಡೀಸೆಲ್ ಪಂಪು, ಮೂರು ನಾಲ್ಕು ಗಂಟೆಗೊಮ್ಮೆ ಪೈಪ್ ಬದಲಿಸಬೇಕು. ರಾತ್ರಿ ಎರಡು ಗಂಟೆ. ಕೆಳಗಿನ ತೋಟದಲ್ಲಿ ಆನೆ ಬಿದಿರು ಮುರಿಯುವ ಸದ್ದು. ಪಕ್ಕದಲ್ಲಿ ಕೂತ ಇಬ್ಬರೂ ಬೀಡಿ ಹಚ್ಚಿದ್ದಾರೆ, ಹೊಗೆ ಸೀದಾ ನನ್ನ ಮುಖಕ್ಕೆ. ಮೊದಲೆಲ್ಲ ಇಂಥ ಒಂದು ರಾತ್ರಿಗೆ ಒಂದು ಪ್ಯಾಕ್ ಖಾಲಿ. ಗಮ್ ಬಿಟ್ಟು ಎರಡು ತಿಂಗಳಾಗಿತ್ತು. ಆ ಐದು ರಾತ್ರಿಗೆ ಮತ್ತೆ ತಗೊಂಡೆ, ರಾತ್ರಿಗೆ ನಾಲ್ಕರಂತೆ, ಪೈಪ್ ಬದಲಿಸುವ ಅರ್ಧ ಗಂಟೆ ಮೊದಲೇ. ಸೋಲು ಅಂತ ಅನ್ನಿಸಲಿಲ್ಲ, ಈಗಲೂ ಅನ್ನಿಸೋದಿಲ್ಲ. ಬೆಳಗಿನ ಜಾವ ಪಂಪು ನಿಲ್ಲಿಸಿದಾಗ ಕಾಫಿ ಹೂವಿನ ಮೊಗ್ಗಿನ ಹಸಿ ವಾಸನೆ ಮೂಗಿಗೆ ಬಂತು. ಆ ವಾಸನೆ 22 ವರ್ಷ ನನಗೆ ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ. ಬೀಡಿ ಸೇದುತ್ತಿದ್ದ ಇಬ್ಬರನ್ನೂ ಕರೆದು ಕೇಳಿದೆ, ಅವರಿಗೆ ಬರಲಿಲ್ಲ.

ಆಮೇಲೆ ಒಂದನ್ನೂ ಸೇದಿಲ್ಲ. ನಮ್ಮ ಸುತ್ತ ಬಿಡುತ್ತೇನೆ ಅಂದವರಲ್ಲಿ ಬಿಟ್ಟು ತೋರಿಸಿದವನು ನಾನೊಬ್ಬನೇ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಗಮ್ ದಂಡ ಅಂತ ಮೊದಲು ಹೇಳಿದ್ದ ಬಾವನೇ ಈಗ ಶುರು ಮಾಡಿದ್ದಾನೆ, ಇದು ಮೂರನೇ ವಾರ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು.

"ಬಾವ, ಕೈ ನಡುಗ್ತಾ ಉಂಟು. ನಿದ್ದೆ ಇಲ್ಲ. ಇದು ನನಗೆ ಆಗೋದಿಲ್ಲ ಕಾಣ್ತದೆ."

"ಇವತ್ತು ಕಾಫಿ ಎಷ್ಟು ಕುಡಿದೆ?"

ಸ್ವಲ್ಪ ಹೊತ್ತು ಮಾತಿಲ್ಲ. ಒಳಗೆ ಅಕ್ಕನನ್ನು ಕೇಳುವುದು ಕೇಳಿಸಿತು.

"ಏಳು," ಅಂದ.