ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಮಾತುಗಳ ಮೂಲ ಹುಡುಕುವುದು ಹೇಗೆ?

ಕೈದಿ ಪೆರೋಲ್ ಮೇಲೆ ಹೊರಬಂದ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಇಂಗ್ಲಿಷಿನ ಮೂಲಕ ನಮಗೆ ಬಂದ ಈ ಪದದ ತವರು ಫ್ರೆಂಚ್. ಅಲ್ಲಿ ‘ಪರೋಲ್’ ಎಂದರೆ ಮಾತು. ಓಡಿಹೋಗುವುದಿಲ್ಲವೆಂದು ಸೆರೆಯಾಳು ಕೊಟ್ಟ ಮಾತನ್ನು ನಂಬಿ ಅವನನ್ನು ಬಿಡುತ್ತಿದ್ದರು. ಮೂಲ ತಿಳಿದರೆ ಅರ್ಥವನ್ನು ಉರು ಹೊಡೆಯಬೇಕಾಗಿಲ್ಲ. ಹುಡುಕುವ ದಾರಿಯೂ ಕಷ್ಟದ್ದೇನಲ್ಲ.

ಹಂತ 1: ಬಿಡಿಸಿ ಓದಿ
‘ಕೂ ದೆತಾ’ದಲ್ಲಿ ‘ಕೂ’ ಎಂದರೆ ಹೊಡೆತ, ‘ಎತಾ’ ಎಂದರೆ ಪ್ರಭುತ್ವ. ಕ್ಷಿಪ್ರಕ್ರಾಂತಿಯ ಚಿತ್ರ ಅಷ್ಟರಲ್ಲೇ ಮೂಡುತ್ತದೆ. ‘ದೇಜಾ ವೂ’ ಎಂದರೆ ಈಗಾಗಲೇ ಕಂಡದ್ದು. ಆಮಂತ್ರಣ ಪತ್ರಿಕೆಯ ಆರ್‌ಎಸ್‌ವಿಪಿ ಎಂಬುದು ‘ದಯವಿಟ್ಟು ಉತ್ತರಿಸಿ’ ಎಂಬ ಫ್ರೆಂಚ್ ವಾಕ್ಯದ ಮೊದಲಕ್ಷರಗಳು. ಅದರ ಜೊತೆಗೆ ‘ಪ್ಲೀಸ್’ ಎಂದೂ ಅಚ್ಚು ಹಾಕಿಸುವ ಅಗತ್ಯವಿಲ್ಲ.

ಹಂತ 2: ಬಂದ ಕಾಲ ಕೇಳಿ
1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ಬೇರೂರಿತು. ವಾದವನ್ನು ಇಂಗ್ಲಿಷಿನಲ್ಲೇ ನಡೆಸಬೇಕೆಂದು 1362ರಲ್ಲಿ ಕಾನೂನು ಬಂತು. ಆ ಕಾನೂನನ್ನು ಬರೆದದ್ದೂ ಫ್ರೆಂಚಿನಲ್ಲೇ! ಆದ್ದರಿಂದ ಕೋರ್ಟು, ಆಸ್ತಿ, ಸಾಲದ ಪದ ಎದುರಾದರೆ ಮೊದಲು ಇತ್ತ ನೋಡಿ. ‘ಮಾರ್ಟ್‌ಗೇಜ್’ ಎಂದರೆ ಅಕ್ಷರಶಃ ಸತ್ತ ಒತ್ತೆ. ಸಾಲ ತೀರಿಸದಿದ್ದರೆ ಆಸ್ತಿ ಸಾಲಗಾರನ ಪಾಲಿಗೆ ಸತ್ತಂತೆ, ತೀರಿಸಿದರೆ ಕೊಟ್ಟವನ ಪಾಲಿಗೆ ಸತ್ತಂತೆ ಎಂದು 17ನೇ ಶತಮಾನದ ನ್ಯಾಯವಾದಿ ಎಡ್ವರ್ಡ್ ಕೋಕ್ ವಿವರಿಸಿದ. ಅಮೆರಿಕದ ಸುಪ್ರೀಂ ಕೋರ್ಟಿನ ಕಲಾಪ ಇಂದಿಗೂ ‘ಕೇಳಿರಿ’ ಎಂಬ ಅರ್ಥದ ‘ಓಯೇ’ ಎಂಬ ಮೂರು ಕೂಗಿನಿಂದ ಆರಂಭವಾಗುತ್ತದೆ. ಈ ಹಳೆಯ ಪದಗಳು ಸವೆದು ಇಂಗ್ಲಿಷಿನವೇ ಆಗಿಬಿಟ್ಟಿವೆ. ಇನ್ನೂ ಫ್ರೆಂಚ್ ವೇಷದಲ್ಲೇ ಇರುವವು ಬಹುಮಟ್ಟಿಗೆ ಆಮೇಲೆ ಬಂದವು.

ಹಂತ 3: ಫ್ರಾನ್ಸಿನಲ್ಲಿ ಹಾಗೆನ್ನುತ್ತಾರೆಯೇ?
ಬಹಳ ಮಂದಿ ಬಿಟ್ಟುಬಿಡುವ ಹಂತ ಇದು. ಸಂಗೀತ ಕಛೇರಿ ಮುಗಿದಾಗ ಇನ್ನೊಮ್ಮೆ ಬೇಕೆಂದು ಇಂಗ್ಲಿಷರು ‘ಆಂಕೋರ್’ ಎಂದು ಕೂಗಿದರೆ ಫ್ರೆಂಚರು ‘ಬಿಸ್’ ಎನ್ನುತ್ತಾರೆ. ‘ಆಂತ್ರೇ’ ಫ್ರಾನ್ಸಿನಲ್ಲಿ ಊಟದ ಮೊದಲ ಬಡಿಸುವಿಕೆ, ಅಮೆರಿಕದ ಹೋಟೆಲಿನಲ್ಲಿ ಮುಖ್ಯ ತಿನಿಸು. ಮುಂದೆ ದಾರಿಯಿಲ್ಲದ ಓಣಿಗೆ ಹೇಳುವ ‘ಕಲ್-ಡಿ-ಸ್ಯಾಕ್’ ಎಂದರೆ ಚೀಲದ ತಳ. ಅದರ ಮೊದಲ ಪದಕ್ಕೆ ಕುಂಡೆ ಎಂಬ ಅರ್ಥವೂ ಇರುವುದರಿಂದ ಫ್ರೆಂಚ್ ಲೇಖಕ ವೋಲ್ಟೇರ್ ಅದನ್ನು ಸಹಿಸದೆ ‘ಆಂಪಾಸ್’ ಎನ್ನಿರಿ ಎಂದು ಹಠ ಹಿಡಿದ. ಮುಂದೆ ಅದೂ ಇಂಗ್ಲಿಷಿಗೆ ಹೋಯಿತು.

ಹಂತ 4: ಚೆಂದದ ಕಥೆಯನ್ನು ನಂಬಬೇಡಿ
ಟೆನಿಸ್‌ನಲ್ಲಿ ಸೊನ್ನೆ ಅಂಕಕ್ಕೆ ಹೇಳುವ ‘ಲವ್’ ಎಂಬುದು ಸೊನ್ನೆಯ ಆಕಾರದ ಮೊಟ್ಟೆಯ ಫ್ರೆಂಚ್ ಹೆಸರಿನಿಂದ ಬಂತು ಎನ್ನುತ್ತಾರೆ. ಇದಕ್ಕೆ ಲಿಖಿತ ಆಧಾರವಿಲ್ಲ. ಪಣವಿಲ್ಲದೆ ಬರೀ ಪ್ರೀತಿಗಾಗಿ ಆಡುವುದು ಎಂಬ ಇಂಗ್ಲಿಷ್ ಮಾತಿನ ವಿವರಣೆಯೇ ಹೆಚ್ಚು ಒಪ್ಪುವಂಥದ್ದು. ಅದೇ ಆಟದಲ್ಲಿ ಅಂಕ ನಲವತ್ತು-ನಲವತ್ತಾದಾಗ ಹೇಳುವ ‘ಡ್ಯೂಸ್’ ಮಾತ್ರ ನಿಜಕ್ಕೂ ಫ್ರೆಂಚಿನ ‘ಎರಡು’.

ಹಾಗಾಗಿ ಕಥೆ ಕೇಳಿದೊಡನೆ ಯಾರು, ಎಲ್ಲಿ, ಯಾವಾಗ ಎಂದು ಕೇಳಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಪದದ ಅತಿ ಹಳೆಯ ಬಳಕೆಯನ್ನು ಇಸವಿ ಸಹಿತ ಕೊಡುತ್ತದೆ. ಫ್ರೆಂಚಿನ ‘ತ್ರೆಜೋರ್’ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ವಿಮಾನದ ಅಪಾಯದ ಕರೆ ‘ಮೇಡೇ’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡ್ರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದ. ಆಗಿನ ರೇಡಿಯೊದಲ್ಲಿ ‘ಎಸ್’ ಅಕ್ಷರ ಸರಿಯಾಗಿ ಕೇಳಿಸದೆ ‘ಎಸ್‌ಒಎಸ್’ ಎಂದರೆ ಗೊಂದಲವಾಗುತ್ತಿತ್ತು. ಅಲ್ಲಿಂದ ಬಹಳಷ್ಟು ವಿಮಾನಗಳು ಪ್ಯಾರಿಸ್ಸಿನ ಲ ಬುರ್ಜೆಗೆ ಹೋಗುತ್ತಿದ್ದುದರಿಂದ ‘ನನಗೆ ನೆರವಾಗಿ’ ಎಂಬ ಅರ್ಥ ಕೊಡುವ ಫ್ರೆಂಚ್ ‘ಮೆದೇ’ ಎರಡೂ ಕಡೆಯವರಿಗೆ ಒಗ್ಗಿತು. 1927ರ ವಾಷಿಂಗ್ಟನ್ ಸಮ್ಮೇಳನ ಅದನ್ನು ಅಧಿಕೃತಗೊಳಿಸಿತು. ಮೂರನೆಯ ಹಂತದ ಪ್ರಶ್ನೆಯನ್ನು ಇಲ್ಲೂ ಕೇಳಿ ನೋಡಿ: ಫ್ರೆಂಚರು ಬೀದಿಯಲ್ಲಿ ನೆರವಿಗಾಗಿ ಕೂಗುವುದು ‘ಓ ಸೆಕೂರ್’ ಎಂದು.