ಗಿಟಾರ್ ಕಾರ್ಡ್ ಬದಲಾವಣೆ ನನ್ನ ಕೈಗೆ ಒಲಿದ ಬಗೆ

ನಲವತ್ತು ದಾಟಿದ ಬೆರಳುಗಳಿಗೆ ಗಿಟಾರ್ ಒಗ್ಗುವುದಿಲ್ಲ, ಕೀಬೋರ್ಡ್ ಹಿಡಿಯುವುದೇ ಲೇಸು ಎಂಬುದು ನಮ್ಮ ಭಾವಗೀತೆ ತಂಡದವರ ಒಮ್ಮತದ ತೀರ್ಪಾಗಿತ್ತು. ಈಗ ಅದೇ ತಂಡದಲ್ಲಿ ಸಿ, ಎ ಮೈನರ್, ಎಫ್, ಜಿ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸರಣಿಯನ್ನು ಆರು ಮಾತ್ರೆಯ ದಾದ್ರಾ ತಾಳದಲ್ಲಿ ಒಂದು ಮಾತ್ರೆಯೂ ತಪ್ಪದಂತೆ ನುಡಿಸುತ್ತಿರುವುದರಿಂದ, ನಡೆದ ದಾರಿಯನ್ನು ಬರೆಯಲು ನನಗೆ ಸ್ವಲ್ಪ ಹಕ್ಕು ಬಂದಿದೆ.

ತಿಂಗಳಿಗೆ ಸುಮಾರು 1,500 ರೂಪಾಯಿಯಂತೆ ಹೆಚ್ಚುಕಡಿಮೆ ಒಂದು ವರ್ಷ ತರಗತಿಗೆ ಶುಲ್ಕ ಕಟ್ಟಿದೆ. ಅಲ್ಲಿ ನಿಮಿಷಕ್ಕೆ ಎಷ್ಟು ಬದಲಾವಣೆ ಎಂದು ಎಣಿಸುವುದೇ ಮುಖ್ಯ ಅಭ್ಯಾಸ. ಎಣಿಕೆಯೇನೋ 20ರಿಂದ 50ರ ಆಸುಪಾಸಿಗೆ ಏರಿತು, ಆದರೆ ಆ ಎಣಿಕೆಗೆ ತಾಳವೇ ಇಲ್ಲದ ಕಾರಣ ಹಾಡು ಶುರುವಾದೊಡನೆ ಕೈ ಮತ್ತೆ ಎಡವುತ್ತಿತ್ತು. ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನೂ ಒತ್ತಬೇಕಾದ ಎಫ್ ಬ್ಯಾರೆಯ ಕಾಟಕ್ಕೆ 12ರ ದಪ್ಪದ ತಂತಿಗಳನ್ನು ತೆಗೆದು ತೆಳುವಾದ 10ರ ತಂತಿ ಹಾಕಿಸಿದ್ದಕ್ಕೆ ಆರೇಳು ನೂರು ಹೋಯಿತು, ಫಲ ಅಷ್ಟಕ್ಕಷ್ಟೆ. ಕೊನೆಗೆ ಗಿಟಾರ್ ಕತ್ತಿನ ಮೊದಲ ಫ್ರೆಟ್‌ಗೆ (ಲೋಹದ ಅಡ್ಡಪಟ್ಟಿಗೆ) ಕ್ಯಾಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ ಹಾಕಿ ಅದೇ ಆಕಾರವನ್ನು ಒತ್ತಿ ನೋಡಿದಾಗ ಅದು ಸಲೀಸಾಗಿ ನುಡಿಯಿತು. ಅಂದರೆ ದೋಷ ಬೆರಳಿನದಲ್ಲ, ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ನಟ್ ಎಂಬ ಪಟ್ಟಿಯ ಎತ್ತರದ್ದು. ಅದರ ಕಚ್ಚುಗಳನ್ನು ಅರದಿಂದ ಉಜ್ಜಿಸಲು ಸುಮಾರು 500 ರೂಪಾಯಿ ಸಾಕಾಯಿತು, ಮತ್ತು ನಾನು ಮಾಡಿದ ಖರ್ಚುಗಳಲ್ಲಿ ಸಾರ್ಥಕವಾದದ್ದು ಅದೊಂದೇ. ಮಳೆಗಾಲದಲ್ಲಿ ಮರ ಉಬ್ಬಿ ಆ್ಯಕ್ಷನ್ (ಫ್ರೆಟ್‌ಗಳಿಂದ ತಂತಿಗಳ ಎತ್ತರ) ಏರುವುದರಿಂದ ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ ಮಾಡುವುದು ಒಳ್ಳೆಯದು.

ಅಭ್ಯಾಸದಲ್ಲಿ ನಾನು ಇಟ್ಟುಕೊಂಡ ಕಟ್ಟುಪಾಡು ಒಂದೇ: ಏನೇ ಆದರೂ ಬಲಗೈ ನಿಲ್ಲಬಾರದು. ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 50 ಬಡಿತಕ್ಕೆ ಇಳಿಸಿ, ಕೊನೆಯ ಅರ್ಧ ಮಾತ್ರೆಯಲ್ಲಿ ಎಡಗೈಯನ್ನು ಪೂರ್ತಿ ಬಿಟ್ಟು, ಬರಿ ತಂತಿಗಳು ಕೇಳಿಸಿದರೂ ಲೆಕ್ಕಿಸದೆ ಮುಂದಿನ ಸಮಕ್ಕೆ (ಆವರ್ತದ ಮೊದಲ ಮಾತ್ರೆಗೆ) ಸರಿಯಾಗಿ ಕಾರ್ಡ್ ಮೇಲೆ ಇಳಿಯುತ್ತಿದ್ದೆ. ಸಿ ಹಿಡಿಯುವಾಗ ಬಹುತೇಕರು ತೋರುಬೆರಳನ್ನು ಮೊದಲು ಊರುತ್ತಾರೆ; ಆದರೆ ಕೆಳಮುಖದ ಹೊಡೆತ ಐದನೆಯ ತಂತಿಯನ್ನೇ ಮೊದಲು ಮುಟ್ಟುವುದರಿಂದ ಉಂಗುರ ಬೆರಳು ಮೊದಲು ತಲುಪಬೇಕು, ತೋರುಬೆರಳು ಕೂದಲೆಳೆಯಷ್ಟು ತಡವಾದರೂ ಯಾರಿಗೂ ತಿಳಿಯುವುದಿಲ್ಲ. ಸಿ ಇಂದ ಎ ಮೈನರ್‌ಗೆ ಹೋಗುವಾಗ ಮಾತ್ರ ಎಡಗೈಯನ್ನು ಪೂರ್ತಿ ಬಿಡಬೇಕಿಲ್ಲ; ಆ ಉಂಗುರ ಬೆರಳೊಂದೇ ಚಲಿಸುತ್ತದೆ, ಉಳಿದೆರಡನ್ನು ಎತ್ತಬಾರದು. ದಿನಕ್ಕೊಂದು ಗಂಟೆ ಕೂರುವ ಬದಲು ಐದೈದು ನಿಮಿಷದಂತೆ ನಾಲ್ಕಾರು ಸಲ ಕುಳಿತು, ಒಂದು ಲಯದಲ್ಲಿ ಎಲ್ಲ ತಂತಿಯೂ ಶುದ್ಧವಾಗಿ ನುಡಿದ ಮೇಲಷ್ಟೇ ನಾಲ್ಕೈದು ಅಂಕ ಏರಿಸುತ್ತಿದ್ದೆ. 90 ಮುಟ್ಟಲು ಸುಮಾರು ಐದು ತಿಂಗಳು ಹಿಡಿಯಿತು.

ನಡುವೆ ಮೆಟ್ರೋನೋಮ್ ಬಿಟ್ಟು ತಬಲಾ ಆ್ಯಪ್‌ನಲ್ಲಿ ದಾದ್ರಾ ಹಾಕಿ, ಸಮದ ಬದಲು ನಾಲ್ಕನೆಯ ಮಾತ್ರೆಯ ಖಾಲಿಯಲ್ಲಿ (ಒತ್ತಿಲ್ಲದ ಜಾಗದಲ್ಲಿ) ಕಾರ್ಡ್ ಬದಲಿಸಿ ನೋಡಿದೆ. ಕಷ್ಟವಾದರೂ ಅದರಿಂದ ಲಯದ ಹಿಡಿತ ಬಂತು. ಕಣ್ಣು ಮುಚ್ಚಿ ನುಡಿಸುವ ಪ್ರಯೋಗದಿಂದ ವಿಶೇಷ ಲಾಭವಾಗಲಿಲ್ಲ. ಜಿ ಇಂದ ಬಿ ಮೈನರ್‌ಗೆ ಜಾರುವ ನನ್ನದೇ ಒಂದು ಉಪಾಯವಿದೆ, ಅದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.