ಹುಬ್ಬಳ್ಳ್ಯಾಗ ವೈನ್ ಭಿಶಿ ನಡೆಸಿ ತೋರಿಸಿದೆವು

"ಇಲ್ಲಿ ಮಂದಿಗೆ ವಿಸ್ಕಿ ಬೇಕ್ರೀ ಅಣ್ಣಾರ. ಹೆಚ್ಚಂದ್ರ ಗೋವಾಕ್ಕ ಹೋದಾಗ ಎರಡು ಬಾಟ್ಲಿ ಪೋರ್ಟ್ ವೈನ್ ತರ್ತಾರ. ನಿಮ್ಮ ವೈನ್ ಕ್ಲಬ್ಬಿಗೆ ಯಾರು ಬರ್ತಾರ?" ಕೊಪ್ಪಿಕರ ರಸ್ತೆಯ ಗೆಳೆಯರು ಹೀಗೆ ಅಂದಿದ್ದರು. ಈಗ ಅದೇ ಗೆಳೆಯರಲ್ಲಿ ಇಬ್ಬರು ನಮ್ಮ ಕಾಯುವವರ ಪಟ್ಟಿಯಲ್ಲಿದ್ದಾರೆ. ನಮ್ಮ ವೈನ್ ಭಿಶಿ, ಅಂದರೆ ತಿಂಗಳಿಗೆ ಇಷ್ಟು ಅಂತ ರೊಕ್ಕ ಹಾಕಿ ಸೇರಿ ವೈನ್ ರುಚಿ ನೋಡುವ ಚೀಟಿ ಗುಂಪು, ಕೆಲವು ವರ್ಷಗಳಿಂದ ತಿಂಗಳು ತಪ್ಪದೆ ನಡೆದಿದೆ, ರೊಕ್ಕದ ವಿಷಯಕ್ಕೆ ಒಂದು ಜಗಳ ಆಗಿಲ್ಲ. ಗ್ಲಾಸು ಹೇಗೆ ಹಿಡಿಯಬೇಕು, ಕೆಂಪು ಯಾವುದು ಬಿಳಿ ಯಾವುದು ಎಂಬುದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಊರಲ್ಲಿ ಇದನ್ನು ಹೇಗೆ ನಡೆಸುವುದು ಎಂಬುದೇ ಕಷ್ಟದ ಕೆಲಸ, ಅದನ್ನು ಹೇಳುತ್ತೇನೆ.

ಮೊದಲು ಹಿಡಿದದ್ದು ನೇರ ದಾರಿ. ಬೇರೆ ರಾಜ್ಯದ ಒಂದು ವೈನರಿಗೆ ಹೋಗಿದ್ದಾಗ ಅಲ್ಲೇ ಅವರ ಕ್ಲಬ್ಬಿಗೆ ಸೇರಿದೆ. ವರ್ಷಕ್ಕೆ ಸುಮಾರು ಐದೂವರೆ ಸಾವಿರ ಕೊಟ್ಟ ನೆನಪು. ಕಾರ್ಡ್ ಬಂತು, ಹುಟ್ಟುಹಬ್ಬಕ್ಕೆ ಮೆಸೇಜ್ ಬಂತು, ಬಾಟಲಿ ಮಾತ್ರ ಬರಲಿಲ್ಲ. ಬರುವ ಹಾಗೂ ಇಲ್ಲ. ಒಂದು ರಾಜ್ಯದ ಮದ್ಯ ಇನ್ನೊಂದು ರಾಜ್ಯಕ್ಕೆ ಬರಬೇಕಾದರೆ ಅಬಕಾರಿ ಸುಂಕ, ಪರವಾನಗಿ ಎಲ್ಲ ಬೇಕು, ಕೊರಿಯರ್ ಹುಡುಗ ತಂದು ಬಾಗಿಲಿಗೆ ಇಡುವ ಸಾಮಾನಲ್ಲ ಅದು. ಅಲ್ಲಿಗೇ ಹೋದರೆ ಡಿಸ್ಕೌಂಟ್ ಕೊಡುತ್ತಾರೆ, ಸರಿ. ಆದರೆ ಆ ಡಿಸ್ಕೌಂಟ್‌ಗಿಂತ ಡೀಸೆಲ್ ಖರ್ಚೇ ಜಾಸ್ತಿ ಆಗುತ್ತದೆ. ವೈನರಿಯ ಕ್ಲಬ್ ಸೇರುವುದಿದ್ದರೆ ನೀವು ವರ್ಷಕ್ಕೆ ಎರಡು ಮೂರು ಸಲ ಹೋಗಿಬರುವ ದೂರದಲ್ಲಿರುವುದನ್ನೇ ಸೇರಿ, ಇಲ್ಲದಿದ್ದರೆ ಬೇಡ.

ಆಮೇಲೆ ಐದಾರು ಜನ ಸೇರಿ ಒಬ್ಬೊಬ್ಬರು ಒಂದೊಂದು ಬಾಟಲಿ ತರೋಣ ಅಂದೆವು. ಅದೂ ನಿಲ್ಲಲಿಲ್ಲ. ಒಬ್ಬರು ಹದಿನೆಂಟು ನೂರರದ್ದು ತಂದರೆ ಇನ್ನೊಬ್ಬರು ಮುನ್ನೂರರ ಸಿಹಿ ನೀರು ತರುತ್ತಾರೆ, ಮುಂದಿನ ತಿಂಗಳು ಮೊದಲನೆಯವರು ಬರುವುದೇ ಇಲ್ಲ. ಜೊತೆಗೆ ತಂದ ಬಾಟಲಿಗಳಲ್ಲಿ ಅರ್ಧ ಕೆಟ್ಟಿರುತ್ತಿದ್ದವು. ಅಂಗಡಿಯಲ್ಲಿ ವೈನ್ ಜಾಸ್ತಿ ಓಡುವುದಿಲ್ಲ, ಅದಕ್ಕೆ ಮೇಲಿನ ಹಲಗೆಯಲ್ಲಿ ಟ್ಯೂಬ್‌ಲೈಟ್ ಪಕ್ಕ ನಿಲ್ಲಿಸಿರುತ್ತಾರೆ. ಎರಡು ಬೇಸಿಗೆ ಅಲ್ಲೇ ಕಳೆದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್‌ನ ಬಣ್ಣ ಚಹಾದ ಕಡೆಗೆ ತಿರುಗಿರುತ್ತದೆ. ಈಗ ನಾವು ಅಂಗಡಿಯಲ್ಲಿ ಮೊದಲು ನೋಡುವುದು ಲೇಬಲ್ ಮೇಲಿನ ವರ್ಷ, ಆಮೇಲೆ ಬಾಟಲಿಯ ಕತ್ತು. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ ಅಥವಾ ಕ್ಯಾಪ್ ಕೆಳಗೆ ಅಂಟಂಟು ಇದ್ದರೆ ವಾಪಸ್ ಇಡುತ್ತೇವೆ. ಬಿಳಿ ವೈನ್ ಎರಡು ವರ್ಷಕ್ಕಿಂತ ಹಳೆಯದಾದರೆ ಮುಟ್ಟುವುದಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಮನೆಯೊಳಗೇ. ನಮ್ಮ ಮನೆಯವರು ವಿದ್ಯಾನಗರದಲ್ಲಿ ಹತ್ತಾರು ವರ್ಷದಿಂದ ಭಿಶಿ ನಡೆಸುತ್ತಾರೆ. ತಿಂಗಳಿಗೆ ಇಷ್ಟು ಅಂತ ಹಾಕುವುದು, ಚೀಟಿ ಎತ್ತುವುದು, ಯಾರ ಹೆಸರು ಬಂತೋ ಅವರ ಮನೆಯಲ್ಲಿ ಸೇರುವುದು. ಒಂದು ರೂಪಾಯಿ ಹೆಚ್ಚು ಕಡಿಮೆ ಆಗಿದ್ದನ್ನು ನಾನು ನೋಡಿಲ್ಲ. ಅದನ್ನೇ ಎತ್ತಿ ಇಲ್ಲಿ ಹಾಕಿದೆವು. ಹನ್ನೆರಡು ಜನ, ತಲೆಗೆ ಒಂದು ಸಾವಿರ. ವ್ಯತ್ಯಾಸ ಏನೆಂದರೆ, ಚೀಟಿ ಬಂದವರಿಗೆ ರೊಕ್ಕ ಸಿಗುವುದಿಲ್ಲ, ಆ ತಿಂಗಳ ವೈನ್ ಆರಿಸುವ ಹಕ್ಕು ಸಿಗುತ್ತದೆ. ಅವರು ಬರೀ ಶಿರಾಜ್ (ಒಂದು ಕೆಂಪು ವೈನ್) ಅಂದರೆ ಬರೀ ಶಿರಾಜ್, ಯಾರೂ ಎದುರು ಮಾತಾಡುವಂತಿಲ್ಲ. ಈ ಒಂದು ನಿಯಮದಿಂದ ಎಲ್ಲರೂ ತಮ್ಮ ತಿಂಗಳಿಗೆ ಓದಿಕೊಂಡು, ಅಂಗಡಿ ಅಂಗಡಿ ತಿರುಗಿ ತಯಾರಾಗಿ ಬರುತ್ತಾರೆ.

ಹನ್ನೆರಡೇ ಯಾಕೆ ಅಂದರೆ, 750 ಮಿಲಿ ಬಾಟಲಿಯಲ್ಲಿ ಒಬ್ಬರಿಗೆ 50 ಮಿಲಿಯಂತೆ ಸುರಿದರೆ ಹದಿನೈದು ಪಾಲು ಬರುತ್ತದೆ. ಹನ್ನೆರಡು ಜನಕ್ಕೆ ಒಂದೊಂದು, ಮೂರು ಉಳಿಯುತ್ತವೆ, ಇಷ್ಟವಾದದ್ದನ್ನು ಮತ್ತೊಮ್ಮೆ ಕೇಳುವವರು ಇದ್ದೇ ಇರುತ್ತಾರೆ. ತಿಂಗಳಿಗೆ ಐದು ಬಾಟಲಿ ತೆಗೆಯುತ್ತೇವೆ. ಸರಾಸರಿ ಒಂಬೈನೂರರಂತೆ ಹಿಡಿದರೆ ನಾಲ್ಕೂವರೆ ಸಾವಿರ, ಊಟಕ್ಕೆ ಎರಡೂವರೆ, ಉಳಿದ ಐದು ಸಾವಿರ ಪ್ರವಾಸದ ಡಬ್ಬಿಗೆ. ವರ್ಷದ ಕೊನೆಗೆ ಅದೇ ಐವತ್ತು ಅರವತ್ತು ಸಾವಿರ ಆಗುತ್ತದೆ. ಒಬ್ಬರೇ ಹೋಗಿ ಐದು ಬಾಟಲಿ ಕೊಂಡು ರುಚಿ ನೋಡಿದ್ದರೆ ತಿಂಗಳಿಗೆ ನಾಲ್ಕೂವರೆ ಸಾವಿರ ಕಳೆಯುತ್ತಿತ್ತು, ಬಾಟಲಿಗಳೂ ಅರ್ಧ ಉಳಿದು ಹುಳಿಯಾಗುತ್ತಿದ್ದವು.

ಒಂದು ಎಚ್ಚರಿಕೆ. ಇಲ್ಲಿ ಯಾರೂ ಯಾರಿಗೂ ಮಾರುವುದಿಲ್ಲ. ಪರವಾನಗಿ ಇರುವ ಅಂಗಡಿಯಲ್ಲೇ ಖರೀದಿ, ಬಿಲ್ ಫೋಟೊ ಗುಂಪಿಗೆ, ಮನೆಯಲ್ಲಿ ಸಂಗ್ರಹ ಮಿತಿಯೊಳಗೆ. "ನನ್ನ ಪಾಲಿಗೆ ಎರಡು ಬಾಟ್ಲಿ ಹೆಚ್ಚಿಗಿ ತಂದುಕೊಡ್ರೀ, ಮ್ಯಾಲೆ ನೂರು ತಗೋರಿ" ಅಂತ ಕೇಳಿದ ಒಬ್ಬರಿಗೆ ಅವತ್ತೇ ಕೈ ಮುಗಿದೆವು.

ಇನ್ನು ಶಾಖದ ವಿಷಯ. ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಇದೇ. ಕೆಂಪು ವೈನ್ "ರೂಮ್ ಟೆಂಪರೇಚರ್" ಅಂತ ಬರೆದಿರುತ್ತಾರೆ, ಅದು ಫ್ರಾನ್ಸಿನ ಕೋಣೆ, 16 ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಕೋಣೆ 34. ಆ ಶಾಖಕ್ಕೆ ಕ್ಯಾಬರ್ನೆಯಂಥ ಗಟ್ಟಿ ಕೆಂಪು ಸುರಿದರೆ ಮೂಗಿಗೆ ಸ್ಪಿರಿಟ್ ಬಿಟ್ಟು ಬೇರೇನೂ ಹೊಡೆಯುವುದಿಲ್ಲ. ಮೊದಲ ವರ್ಷ "ಕೆಂಪು ನಮಗೆ ಹಿಡಿಸೂದಿಲ್ಲ" ಅಂದವರೆಲ್ಲ ಬಿಸಿ ವೈನ್ ಕುಡಿದು ಹಾಗೆ ಅಂದಿದ್ದರು. ಮುನ್ನೂರು ನಾಲ್ಕು ನೂರಕ್ಕೆ ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ, ಅದೊಂದು ಇಟ್ಟುಕೊಳ್ಳಿ. ಮಾರ್ಚ್‌ನ ಒಣಗಾಳಿಯಲ್ಲಿ ಬಾಟಲಿಗೆ ಒದ್ದೆ ಪಂಚೆಯ ತುಂಡು ಸುತ್ತಿ ಫ್ಯಾನ್ ಕೆಳಗೆ ಇಟ್ಟರೆ ಒಂದು ತಾಸಿನಲ್ಲಿ 25ರ ಹತ್ತಿರ ಇಳಿಯುತ್ತದೆ, ಮಳೆಗಾಲದಲ್ಲಿ ಇದು ಕೆಲಸ ಮಾಡುವುದಿಲ್ಲ. ಬಕೆಟ್‌ನಲ್ಲಿ ಐಸ್, ನೀರು, ಎರಡು ಮುಷ್ಟಿ ಕಲ್ಲುಪ್ಪು ಹಾಕಿದರೆ ಬಿಳಿ ವೈನ್ ಇಪ್ಪತ್ತು ನಿಮಿಷದಲ್ಲಿ ತಯಾರು. ಕೆಂಪನ್ನು ಫ್ರಿಜ್‌ನಲ್ಲಿಟ್ಟು ಸುರಿಯುವ ಅರ್ಧ ತಾಸು ಮೊದಲು ಹೊರಗೆ ತೆಗೆಯುತ್ತೇವೆ.

ಇದರ ನಡುವೆ ಹಗೇವಿನ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಯ, ಪ್ರಯೋಗ. ನಮ್ಮ ಸದಸ್ಯರೊಬ್ಬರದು ಅಣ್ಣಿಗೇರಿ ಕಡೆ ಹಳೆಯ ಮನೆ, ಅಂಗಳದಲ್ಲಿ ಜೋಳ ತುಂಬುತ್ತಿದ್ದ ಹಗೇವು ಖಾಲಿ ಬಿದ್ದಿತ್ತು. ನೆಲದೊಳಗೆ ತಂಪು ಇರುತ್ತದಲ್ವಾ, ಹತ್ತು ಬಾಟಲಿ ಇಟ್ಟು ನೋಡೋಣ ಅಂದೆವು. ಒಳಗೆ ಯಾರೂ ಇಳಿಯಲಿಲ್ಲ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿ ಜೀವ ಹೋದ ಸುದ್ದಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬುಟ್ಟಿಗೆ ಹಗ್ಗ ಕಟ್ಟಿ ಥರ್ಮಾಮೀಟರ್ ಸಮೇತ ಇಳಿಸಿದೆವು. ಬೇಸಿಗೆಯ ಮಧ್ಯಾಹ್ನವೂ 26, ರಾತ್ರಿಯೂ 26. ಏರಿಳಿತವೇ ಇಲ್ಲ. ಆರು ತಿಂಗಳ ಮೇಲೆ ತೆಗೆದು ಅಲ್ಮೇರಾದಲ್ಲಿಟ್ಟ ಅದೇ ವೈನ್ ಜೊತೆ ಇಟ್ಟು ನೋಡಿದರೆ, ಹಗೇವಿನದ್ದು ಖಂಡಿತ ಮೇಲು, ಹಣ್ಣಿನ ವಾಸನೆ ಇನ್ನೂ ಇತ್ತು. ಆದರೆ ಲೇಬಲ್ಲನ್ನು ಗೆದ್ದಲು ತಿಂದು ಯಾವುದು ಯಾವುದೆಂದು ಗುರುತು ಸಿಗಲಿಲ್ಲ. ಫ್ರಿಜ್‌ನ ಕೆಳಗಿನ ಖಾನೆಯಲ್ಲಿಟ್ಟದ್ದು ಎರಡಕ್ಕಿಂತಲೂ ಚಲೋ ಇತ್ತು. ಹಗೇವು ಇದ್ದವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕ್ಯಾಪ್ ಮೇಲೆ ಪೇಂಟ್‌ನಿಂದ ನಂಬರ್ ಬರೆದು ಇಳಿಸಿ.

ಒಬ್ಬಿಬ್ಬರು ಬಾರದ ತಿಂಗಳು ವೈನ್ ಉಳಿಯುತ್ತದೆ. ಅದನ್ನು ಗಾಜಿನ ಕ್ವಾರ್ಟರ್ ಬಾಟಲಿಗೆ ಕತ್ತಿನ ತುದಿಯವರೆಗೆ ತುಂಬಿ, ಗಾಳಿಗೆ ಜಾಗ ಬಿಡದೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ತಡೆಯುತ್ತದೆ. ದೊಡ್ಡ ಬಾಟಲಿಯಲ್ಲೇ ಬಿಟ್ಟರೆ ಮೂರನೇ ದಿನಕ್ಕೆ ಚಪ್ಪೆ.

ವೈನರಿಗೆ ಹೋಗುವುದಿದ್ದರೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ಹೋಗಿ. ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಕೊಂಬೆ ಕತ್ತರಿಸುವುದು), ಅಕ್ಟೋಬರ್ ಸುಮಾರಿಗೆ ಇನ್ನೊಂದು. ಎರಡನೆಯದಕ್ಕೆ ಬಂದ ಹಣ್ಣನ್ನು ಜನವರಿಯಿಂದ ಮಾರ್ಚ್ ಹೊತ್ತಿಗೆ ಕೀಳುತ್ತಾರೆ. ಮಳೆಗಾಲದಲ್ಲಿ ಹೋದರೆ ಖಾಲಿ ಟ್ಯಾಂಕ್ ನೋಡಿ ಬರಬೇಕಾಗುತ್ತದೆ. 2007ರ ರಾಜ್ಯದ ವೈನ್ ನೀತಿ ಬಂದ ಮೇಲೆ ಕೃಷ್ಣಾ ಕಣಿವೆಯ ವಿಜಯಪುರ, ಬಾಗಲಕೋಟೆ ಕಡೆಯ ರೈತರಿಗೂ ಈ ದಾರಿ ತೆರೆಯಿತು. ಆದರೂ ಅಲ್ಲಿ ಈಗಲೂ ಹೆಚ್ಚಿನ ತೋಟ ಥಾಮ್ಸನ್, ಸೋನಾಕಾ ತಳಿಯವು, ತಿನ್ನಲಿಕ್ಕೆ ಮತ್ತು ಒಣದ್ರಾಕ್ಷಿಗೆ. ವೈನ್ ತಳಿ ಬೇರೆಯೇ, ಸಣ್ಣ ಹಣ್ಣು, ದಪ್ಪ ಸಿಪ್ಪೆ, ತುಂಬಾ ಬೀಜ.

ನಾವು ಕ್ರೂಸರ್ ಗಾಡಿ ಮಾಡಿಕೊಂಡು ಹೋಗುತ್ತೇವೆ, ನವಲಗುಂದ, ನರಗುಂದ ದಾಟಿ. ಬಾಡಿಗೆ ಎಂಟು ಒಂಬತ್ತು ಸಾವಿರ, ಡ್ರೈವರ್ ಕುಡಿಯದವನೇ ಆಗಬೇಕು, ಅದನ್ನು ಮೊದಲೇ ವಿಚಾರಿಸುತ್ತೇವೆ. ಯಾವ ವೈನರಿಗೂ ಫೋನ್ ಮಾಡದೆ ಹೋಗಬೇಡಿ. ಒಂದು ಕಡೆ ಹೇಳಿ ಹೋಗಿದ್ದರೂ ಗೇಟಿನಲ್ಲಿ ಒಂದೂವರೆ ತಾಸು ನಿಲ್ಲಿಸಿದರು, ಆಮೇಲೆ ತೆರೆದು ನಾಲ್ಕು ದಿನವಾದ ಬಾಟಲಿಯಿಂದ ಸುರಿದು ತಲೆಗೆ ಮುನ್ನೂರು ತೆಗೆದುಕೊಂಡರು. ಅಂದಿನಿಂದ ಬಾಟಲಿಯನ್ನು ನಮ್ಮೆದುರೇ ತೆರೆಯಿರಿ ಅಂತ ಬುಕ್ ಮಾಡುವಾಗಲೇ ಕೇಳುತ್ತೇವೆ. ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ ವೈನರಿ ನಮಗೆ ನಾಲ್ಕು ನೂರು ಕಿಲೋಮೀಟರ್, ಬೆಂಗಳೂರಿಗೆ ಬೇರೆ ಕೆಲಸ ಇದ್ದಾಗ ಮಾತ್ರ ಸೇರಿಸಿಕೊಳ್ಳುತ್ತೇವೆ. ಕೊಪ್ಪಳ ಜಿಲ್ಲೆಯ ಕೃಸ್ಮಾ ವೈನರಿಯ ಸಾಂಜೊವೇಸೆ ಎಂಬ ಕೆಂಪು ವೈನ್ ನನಗೆ ಬಹಳ ಇಷ್ಟ. ಗದಗ ದಾಟಿ ಸ್ವಲ್ಪ ಮುಂದೆ ಹೋದರೆ ಇಂಥ ಹಣ್ಣು ಬೆಳೆಯುತ್ತದೆ ಎಂಬುದನ್ನು ಹುಬ್ಬಳ್ಳಿಯವರಿಗೆ ನಂಬಿಸಲು ನನಗೆ ಬಹಳ ಮಾತು ಖರ್ಚಾಗಿದೆ.

ತೋಟದಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಕೇಳಿಕೊಂಡು ಒಂದು ಹಣ್ಣು ಕಿತ್ತು, ರಸ ನುಂಗಿ, ಬೀಜವನ್ನು ಹಲ್ಲಿನಲ್ಲಿ ಕಡಿಯಿರಿ. ಹಸಿರು ಬೀಜ ಮೆತ್ತಗೆ, ನಾಲಿಗೆ ಒಗರಾಗಿ ಎಳೆಯುತ್ತದೆ. ಕಂದು ಬೀಜ ಪಟ್ ಅಂತ ಒಡೆಯುತ್ತದೆ, ಹುರಿದ ಶೇಂಗಾದ ಸಿಪ್ಪೆಯ ರುಚಿ ಬರುತ್ತದೆ. ಸಕ್ಕರೆ ಬ್ರಿಕ್ಸ್ (ರಸದ ಸಿಹಿಯ ಅಳತೆ) 23 ತೋರಿಸುತ್ತಿದ್ದರೂ ಬೀಜ ಹಸಿರಿದ್ದಾಗ ಕಿತ್ತರೆ ಆ ಒಗರು ವೈನ್‌ನಲ್ಲಿ ಕೂರುತ್ತದೆ. ಒಮ್ಮೆ ವಿಜಯಪುರ ಕಡೆಯ ಸಣ್ಣ ವೈನರಿಯಲ್ಲಿ ಅವತ್ತು ಕಿತ್ತ ಶಿರಾಜ್‌ನ ಬೀಜ ಕಡಿದು, ಇದು ಇನ್ನೂ ಒಂದು ವಾರ ಬೇಕಿತ್ತು ಅಂದೆ. ವೈನ್ ಮಾಡುವ ಹುಡುಗ ನಕ್ಕು, "ಹೌದ್ರೀ ಸರ, ಮಳಿ ಮೋಡ ಆಗಿತ್ತು, ಅಂಜಿ ಕೊಯ್ಸಿದ್ವಿ" ಅಂದ. ಆಮೇಲೆ ನಮ್ಮನ್ನು ಅಂಗಡಿ ಕೌಂಟರ್‌ನಲ್ಲಿ ನಿಲ್ಲಿಸಲಿಲ್ಲ, ಟ್ಯಾಂಕ್‌ನ ನಲ್ಲಿಯಿಂದಲೇ ಹಿಡಿದು ಕೊಟ್ಟ.

ಉಗುಳುವುದಕ್ಕೆ ಎಲ್ಲರೂ ನಾಚುತ್ತಿದ್ದರು. ಸ್ಟೀಲ್ ಬಕೆಟ್ ಇಟ್ಟರೆ ಯಾರೂ ಹತ್ತಿರ ಹೋಗಲಿಲ್ಲ. ಧಾರವಾಡದ ಅತ್ತೆ ಮನೆಯಿಂದ ಹಿತ್ತಾಳೆಯ ಪೀಕದಾನಿ ತಂದಿಟ್ಟ ಮೇಲೆ ನಾಚಿಕೆ ಹೋಯಿತು. ಎಲೆ ಅಡಿಕೆ ಹಾಕುವ ಮಂದಿಗೆ ಅದು ಪರಿಚಯದ ಸಾಮಾನು. ವೈನರಿಗೂ ಅದನ್ನೇ ಒಯ್ಯುತ್ತೇವೆ. ಉಗುಳದೆ ಎಂಟು ಹತ್ತು ವೈನ್ ನೋಡಿದರೆ ಐದನೆಯದರಿಂದ ಮುಂದೆ ಎಲ್ಲವೂ ಚಲೋನೇ ಅನಿಸುತ್ತದೆ, ಆಗ ಕೊಂಡ ಬಾಟಲಿ ಮನೆಗೆ ಬಂದ ಮೇಲೆ ಬೇಜಾರು.

ಊಟದ ಬಗ್ಗೆ ಜಾಸ್ತಿ ಹೇಳಿದರೆ ಮುಗಿಯುವುದಿಲ್ಲ. ಸಾವಜಿ ಮಟನ್ ಜೊತೆ ಗಟ್ಟಿ ಕ್ಯಾಬರ್ನೆ ಬೇಡ, ಖಾರವೂ ಒಗರೂ ಸೇರಿ ಬಾಯಿ ಉರಿಯುತ್ತದೆ. ತುಸು ಸಿಹಿ ಉಳಿದ ಶೆನಿನ್ ಬ್ಲಾಂಕ್ ಅಥವಾ ರೋಸೆ (ನಸುಗೆಂಪು ವೈನ್), ಚೆನ್ನಾಗಿ ತಣ್ಣಗೆ ಮಾಡಿ ಕೊಡಿ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಬರೀ ಅದನ್ನೇ ಹಾಕಿದ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿಗೆ ಶಿರಾಜ್ ಬಹಳ ಚಲೋ ಕೂಡುತ್ತದೆ. ಗಿರ್ಮಿಟ್ ಜೊತೆ ಸಾವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಹಚ್ಚಿ ನೋಡಿ, ಹಸಿ ಉಳ್ಳಾಗಡ್ಡಿ ಕಡಿಮೆ ಹಾಕಿಸಿ. ಪೇಡಾ ಜೊತೆ ಯಾವುದೂ ಸರಿಹೋಗಿಲ್ಲ, ಇನ್ನೂ ಹುಡುಕುತ್ತಿದ್ದೇನೆ.

ಬಾಟಲಿಗೆ ಪೇಪರ್ ಸುತ್ತಿ ನಂಬರ್ ಹಾಕಿ ಸುರಿಯುತ್ತೇವೆ, ಎಲ್ಲರೂ ಚೀಟಿಯಲ್ಲಿ ಹತ್ತಕ್ಕೆ ಮಾರ್ಕ್ಸ್ ಬರೆಯುತ್ತಾರೆ. ಏಳು ನೂರರ ನಮ್ಮ ರಾಜ್ಯದ ಶಿರಾಜ್ ಎರಡು ಸಾವಿರದ ಹೊರದೇಶದ ಬಾಟಲಿಯನ್ನು ಹಿಂದೆ ಹಾಕಿದ್ದು ಒಂದು ಸಲ ಅಲ್ಲ. ಅದು ಯಾವ ಬಾಟಲಿ, ಯಾವ ಅಂಗಡಿಯವರು ಬಂದ ಹೊಸ ಪೆಟ್ಟಿಗೆಯನ್ನು ಬಿಸಿಲಿಗೆ ಇಡದೆ ನಮಗೆ ತೆಗೆದಿಡುತ್ತಾರೆ ಎಂಬುದನ್ನು ಹೇಳಲಾರೆ, ಇದ್ದ ಸ್ಟಾಕ್ ನಮಗೇ ಸಾಲದು.

ಹದಿಮೂರನೆಯವರನ್ನು ಸೇರಿಸಿಕೊಳ್ಳುವುದಿಲ್ಲ. ಕಾಯುವವರ ಪಟ್ಟಿಯಲ್ಲಿ ಈಗ ಒಂಬತ್ತು ಹೆಸರು, ಅದರಲ್ಲಿ ಇಬ್ಬರು ಗದಗದವರು, ಒಬ್ಬರು ಹಾವೇರಿಯವರು. ಇನ್ನು ಮೂವರು ಸಿಕ್ಕರೆ ಎರಡನೆಯ ಭಿಶಿ ಶುರು, ಹಳಬರಲ್ಲಿ ಒಬ್ಬರು ಮೊದಲ ಮೂರು ತಿಂಗಳು ಅವರ ಜೊತೆ ಕೂತು ಸುರಿಯುವುದನ್ನು ತೋರಿಸುತ್ತಾರೆ. ಗ್ಲಾಸುಗಳನ್ನು ಅವರೇ ಕೊಳ್ಳಬೇಕು, ಡಜನ್‌ಗೆ ಎರಡು ಸಾವಿರದ ಹತ್ತಿರ ಆಗುತ್ತದೆ.